ದಿಲನಾಜಳ ತಲೆಯೊಳಗೆ ಮುಟ್ಟುವ ಸದ್ದು

ರಜಿಯಾ ಮಗಳು ದಿಲನಾಜಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮೂರು ವರ್ಷದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತು ಬಾಚಣಿಗೆಯ ಹಲ್ಲುಗಳನ್ನು ಬೆರಳಿನಿಂದ ಮೀಟುತ್ತಿದ್ದಳು.

"ದಿಲ್ಲೂ," ಎಂದು ರಜಿಯಾ ಹಿಂದಿನಿಂದ ಕರೆದಳು. ಹುಡುಗಿ ತಿರುಗಲಿಲ್ಲ. ಸ್ವಲ್ಪ ಜೋರಾಗಿ ಇನ್ನೊಮ್ಮೆ ಕರೆದಳು. ಆಗಲೂ ತಿರುಗಲಿಲ್ಲ. ಮೂರನೆಯ ಸಲ ಕರೆಯಲು ರಜಿಯಾಳಿಗೆ ಧೈರ್ಯ ಸಾಲಲಿಲ್ಲ. ಎರಡಕ್ಕೇ ನಿಲ್ಲಿಸಿದರೆ, ಮೂರನೆಯದಕ್ಕೆ ತಿರುಗುತ್ತಿದ್ದಳೇನೋ ಎಂಬ ಆಸೆಯಾದರೂ ಉಳಿಯುತ್ತದೆ.

ಒಂದೊಂದು ದಿನ ಕುಕ್ಕರಿನ ಸೀಟಿಗೆ ಬೆಚ್ಚಿಬಿದ್ದು ಓಡಿಬಂದು ತಬ್ಬಿಕೊಳ್ಳುವ ಮಗು, ಇನ್ನೊಂದು ದಿನ ಪಕ್ಕದಲ್ಲೇ ಸ್ಟೀಲಿನ ತಾಟು ಬಿದ್ದರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಮುಂಬೈಯ ಜೋಗೇಶ್ವರಿಯ ಚಾಳಿನಲ್ಲಿ ಎಲ್ಲರೂ ಅವಳನ್ನು ಹಟಮಾರಿ ಎಂದರು. ಸ್ಟೇಷನ್ ಹತ್ತಿರದ ಕ್ಲಿನಿಕ್ಕಿನಲ್ಲಿ ಕಿವಿಗೆ ಮೆತ್ತನೆಯ ಬಿರಡೆಯಂಥದೊಂದನ್ನು ಇಟ್ಟು, ಯಂತ್ರ ನೋಡಿ, ಕಿವಿ ಸರಿಯಾಗಿದೆ ಎಂದು ಕಾಗದ ಬರೆದುಕೊಟ್ಟರು. ಆ ಕಾಗದವನ್ನು ರಜಿಯಾ ಒಂದು ವಾರ ಎಲ್ಲರಿಗೂ ತೋರಿಸಿದಳು. ಆಮೇಲೆ ಪರೇಲಿನ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ ನೋಡಿದಾಗ, ಪರದೆಯ ಮೇಲೆ ಏಳಬೇಕಾದ ಅಲೆ ಏಳಲೇ ಇಲ್ಲ. ಕಿವಿ ಸರಿ, ಅಲೆ ಇಲ್ಲ. ಎರಡೂ ಹೇಗೆ ನಿಜವಾದೀತು?

ಅಲ್ಲಿಯ ಡಾಕ್ಟರು ಮಹಾದೇವಿ, ಕಲಬುರಗಿ ಕಡೆಯವರು. ರಜಿಯಾಳ ಊರು ಸಿಂದಗಿ ಎಂದು ತಿಳಿದದ್ದೇ ಹಿಂದಿ ಬಿಟ್ಟು ಕನ್ನಡಕ್ಕಿಳಿದಿದ್ದರು. "ಕಿವಿ ತನ್ನ ಕೆಲಸ ಮಾಡ್ಲಿಕ್ಕತ್ತದ ರಜಿಯಾ. ಅಲ್ಲಿಂದ ಮೆದುಳಿಗೆ ಹೋಗೂ ದಾರಿಯಾಗ ಸದ್ದು ಚದರಿ ಹೋಗತದ ಅಂತ ಕಾಣಸ್ತದ. ಲೋಕಲ್ಲಿನ ಮಂದಿ ಎಲ್ಲಾ ದಾದರದಾಗ ಒಮ್ಮೆಲೇ ಇಳಿದರ ಪ್ಲಾಟ್‌ಫಾರ್ಮ್ ತುಂಬತದ. ಒಬ್ಬೊಬ್ಬರು ಒಂದೊಂದು ಸ್ಟೇಷನ್ನಾಗ ಇಳಿದರ? ಗಾಡಿ ಬಂದದ್ದೇ ಗೊತ್ತಾಗೂದಿಲ್ಲ, ಹೌದಲ್ಲೊ?"

"ಹಂಗಾದರ ನನ್ನ ಮಗಳಿಗೆ ಏನೂ ಮುಟ್ಟೂದೇ ಇಲ್ಲೇನ್ರೀ?"

"ಅದನ್ನೇ ನೋಡಬೇಕಾಗೇದ. ನಮ್ಮಲ್ಲಿ ಹೊಸಾ ಟೊಪ್ಪಿಗಿ ಬಂದದ. ಎಚ್ಚರಿದ್ದ ಕೂಸಿನ ತಲಿಗೆ ಹಾಕಿ, ಸದ್ದು ಕೇಳಿಸಿ, ಮೆದುಳು ಏನು ಮಾಡತದ ಅಂತ ಹೊರಗಿನಿಂದನೇ ಹಿಡಿಯೂದು. ನೋವು ಇಲ್ಲ, ಸೂಜಿ ಇಲ್ಲ."

ಹಾಗೆಂದು ಡಾಕ್ಟರು ಫಾರ್ಮು ತುಂಬಲು ಕೂತರು. ದಿನ ತುಂಬಿ ಹುಟ್ಟಿತ್ತೇ, ತೂಕ ಎಷ್ಟಿತ್ತು, ಮನೆಯಲ್ಲಿ ಯಾರಿಗಾದರೂ ಕಿವುಡು ಇದೆಯೇ. "ಹುಟ್ಟಿದಾಗ ಕಾಮಣಿ ಆಗಿತ್ತೇನು?"

"ಇಲ್ಲ್ರೀ," ಎಂದಿದ್ದಳು ರಜಿಯಾ.

ಈಗ ಟೊಪ್ಪಿಗೆಯ ಪರೀಕ್ಷೆಗೆ ಹೊರಟ ದಿನ, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ, ಮಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಾಗ, ಅದೇ ಮಾತು ಅವಳನ್ನು ಕೊರೆಯುತ್ತಿತ್ತು. ಕಾಮಣಿ ಆಗಿತ್ತು. ನಾಲ್ಕನೆಯ ದಿನಕ್ಕೇ ಕೂಸಿನ ಕಣ್ಣಿನ ಬಿಳಿಭಾಗ ಅರಿಶಿನದಂತಾಗಿತ್ತು. ಹಳದಿ ಕಂಡರೆ ತಕ್ಷಣ ತನ್ನಿ ಎಂದು ಹೆರಿಗೆ ಮಾಡಿಸಿದ ನರ್ಸು ಹೇಳಿಯೇ ಕಳಿಸಿದ್ದಳು. ಆದರೆ ಎಳೆ ಬಿಸಿಲಿಗೆ ಹಿಡಿದರೆ ಇಳಿಯುತ್ತದೆ ಎಂದರು ಪಕ್ಕದ ಮನೆಯ ಇಂದ್ರಾಬಾಯಿ. ತಮ್ಮ ನಾಲ್ಕೂ ಮಕ್ಕಳಿಗೆ ಹಾಗೇ ಇಳಿದಿತ್ತಂತೆ. ರಜಿಯಾ ದಿನವೂ ಗ್ಯಾಲರಿಯಲ್ಲಿ ಕೂಸನ್ನು ಬಿಚ್ಚಿ ಬಿಸಿಲಿಗೆ ಹಿಡಿದಳು. ಕೂಸು ಮಲಗಿದ್ದು ಮಲಗಿದ ಹಾಗೇ ಇರುತ್ತಿತ್ತು. ಎಂಥ ಒಳ್ಳೆಯ ಕೂಸು, ಅಳುವುದೇ ಇಲ್ಲ ಎಂದು ಚಾಳಿನ ಹೆಂಗಸರು ಹೊಗಳಿದಾಗ ಅವಳೂ ಹಿಗ್ಗಿದ್ದಳು. ಕೊನೆಗೆ ಆಸ್ಪತ್ರೆಗೆ ಒಯ್ದಾಗ ನೀಲಿ ದೀಪದ ಕೆಳಗೆ ಮಲಗಿಸಿ ಇಳಿಸಿದರು. ಹಳದಿ ಹೋಯಿತು. ಎಲ್ಲರೂ ಮರೆತರು.

ಕಾಮಣಿ ಬಹಳ ಏರಿದರೆ ಕಿವಿಯ ನರಕ್ಕೆ ಪೆಟ್ಟು ಎಂದು ಆವತ್ತು ಡಾಕ್ಟರ ಬಾಗಿಲ ಹೊರಗೆ ಪಾಳಿಗೆ ಕೂತಿದ್ದ ಹೆಂಗಸೊಬ್ಬಳು ಹೇಳಿದ್ದಳು. ಅದನ್ನು ಕೇಳಿ ಹತ್ತು ನಿಮಿಷವೂ ಆಗಿರಲಿಲ್ಲ, ಡಾಕ್ಟರು ಆ ಪ್ರಶ್ನೆ ಕೇಳಿದ್ದರು. ಹೌದು ಎಂದರೆ ತನ್ನ ಕೈಯಾರೆ ಮಗಳ ಕಿವಿ ಕಳೆದೆ ಎಂದಂತಲ್ಲವೇ? ಗಂಡ ಜುನೇದ್ ಏನೆಂದಾನು?

ಧಾರಾವಿಯ ಚರ್ಮದ ಬ್ಯಾಗಿನ ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ಜುನೇದ್ ಆಸ್ಪತ್ರೆಗೆ ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಅಂಗಿಗೆ ಇನ್ನೂ ಅಂಟಿನ ವಾಸನೆಯಿತ್ತು. "ತಲಿ ಭಾರಿ ಮಿಂಚ್ಲಿಕ್ಕತ್ತದ ನನ್ನ ಬೇಟಿದು," ಎಂದು ಮಗಳ ಕೆನ್ನೆ ಹಿಂಡಿದ.

ಆ ಮಿಂಚು ನೋಡಿ ಯಂತ್ರದ ಕೋಣೆಯ ಅಮೋಲ್ ಮಾತ್ರ ಹಣೆ ಹಿಡಿದುಕೊಂಡ. "ಭಾಭೀ, ತೇಲ್! ಫೋನಿನಲ್ಲಿ ಎರಡು ಸಲ ಹೇಳಿದ್ದೆನಲ್ಲ, ಎಣ್ಣೆ ಹಚ್ಚಬೇಡಿ ಅಂತ?"

ಹೇಳಿದ್ದ. ರಜಿಯಾ ಹೂಂ ಎಂದೂ ಅಂದಿದ್ದಳು. ಆದರೆ ದೊಡ್ಡ ಆಸ್ಪತ್ರೆ, ಡಾಕ್ಟರು ತಲೆ ಮುಟ್ಟಿ ನೋಡುವವರು. ಒಣಗಿದ ತಲೆಯಲ್ಲಿ ಕರೆದುಕೊಂಡು ಹೋದರೆ ತಾಯಿ ಇಲ್ಲದ ಕೂಸು ಅಂದುಕೊಳ್ಳುವುದಿಲ್ಲವೇ? ಒಂದು ಚೂರೇ ಎಂದು ಶುರು ಮಾಡಿದ ಕೈ, ಭಯದಲ್ಲಿ, ಬಾಟಲಿಯ ಕಾಲುಭಾಗ ಸುರಿದಿತ್ತು.

"ನಮ್ಮ ಆಯೀನೂ ಪರೀಕ್ಷೆಯ ದಿನ ಹೀಗೇ ಬುಡ್ಡಿಗಟ್ಟಲೆ ಹಾಕುತ್ತಿದ್ದಳು," ಎಂದ ಅಮೋಲ್. "ನಾನು ಗಣಿತದಲ್ಲಿ ಫೇಲ್. ಈ ಟೊಪ್ಪಿಗೆಯಲ್ಲಿ ಅರವತ್ನಾಲ್ಕು ಸ್ಪಂಜಿನ ಚುಕ್ಕೆ ಇವೆ, ಉಪ್ಪುನೀರಲ್ಲಿ ನೆನೆಸಿದ್ದು. ಅವು ಚರ್ಮ ಮುಟ್ಟಬೇಕು. ಎಣ್ಣೆ ಇದ್ದರೆ ಮೆದುಳಿನ ಸಣ್ಣ ಕರೆಂಟು ಮೇಲೆ ಬರೋದೇ ಇಲ್ಲ. ಇನ್ನು ಮುಂದಿನ ಪಾಳಿ ಐದು ವಾರಕ್ಕೆ."

ಐದು ವಾರ! ಐದು ವಾರ ಈ ಭಯವನ್ನು ಹೊತ್ತು ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಬೆನ್ನ ಹಿಂದಿನಿಂದ ಮಗಳನ್ನು ಕರೆಯುವುದು. "ಭಯ್ಯಾ, ಅರ್ಧ ತಾಸು ಕೊಡ್ರಿ," ಎಂದವಳೇ ರಜಿಯಾ ಜುನೇದನನ್ನು ಹೊರಗಿನ ಅಂಗಡಿಗೆ ಅಟ್ಟಿ ಶಾಂಪೂ ಪುಡಿಕೆ ತರಿಸಿದಳು.

ಹೆಂಗಸರ ಬಾತ್‌ರೂಮಿನ ಬೇಸಿನ್ನಿನ ಮೇಲೆ ಮಗುವನ್ನು ಬಗ್ಗಿಸಿ ತಣ್ಣೀರು ಬಿಟ್ಟಾಗ ದಿಲನಾಜ ಕಿರುಚಿದ ಕಿರುಚಿಗೆ ಆಯಾ ಓಡಿ ಬಂದಳು. "ಆತು ಬೇಟಾ, ಆತು, ಆತು," ಎನ್ನುತ್ತಲೇ ಇದ್ದಳು ರಜಿಯಾ. ಎಷ್ಟು ಸಲ ಅಂದರೂ ಮಗು ಇನ್ನೂ ಹೆದರಿತು. ತನ್ನ ಸಮಾಧಾನದ ಮಾತು ಯಾವುದೂ ಅದಕ್ಕೆ ಮುಟ್ಟುತ್ತಿಲ್ಲ, ಅದರ ಪಾಲಿಗೆ ತಾನು ತಣ್ಣೀರು ಸುರಿದು ಹಿಂಡುವ ಎರಡು ಕೈ ಅಷ್ಟೇ ಎಂದು ಹೊಳೆದಾಗ ರಜಿಯಾ ನಲ್ಲಿ ನಿಲ್ಲಿಸಿದಳು. ನೊರೆಯ ಸಮೇತ ಎತ್ತಿ ಎದೆಗೊತ್ತಿಕೊಂಡಳು. ಆಗ ಮಗು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

ತಲೆ ಒರೆಸಿ, ಟೊಪ್ಪಿಗೆ ಹಾಕಿ, ದಪ್ಪ ಬಾಗಿಲಿನ ಕೋಣೆಯಲ್ಲಿ ತಾಯಿ ಮಗಳಿಬ್ಬರನ್ನೂ ಕೂರಿಸಿದರು. ಎದುರಿಗೆ ಸದ್ದಿಲ್ಲದ ಕಾರ್ಟೂನು. "ಮಾತಾಡಬೇಡಿ, ಅಲುಗಾಡಬೇಡಿ, ಅದು ಕೂಡ ಅಲೆಯಾಗಿ ಬರುತ್ತೆ," ಎಂದು ಅಮೋಲ್ ಬಾಗಿಲು ಹಾಕಿದ.

ಅಷ್ಟೊಂದು ಮೌನವನ್ನು ರಜಿಯಾ ಮುಂಬೈಗೆ ಬಂದ ಮೇಲೆ ಕಂಡೇ ಇರಲಿಲ್ಲ. ಫ್ಯಾನಿಲ್ಲ, ಹಾರ್ನಿಲ್ಲ, ಪಕ್ಕದ ಮನೆಯ ಟೀವಿಯಿಲ್ಲ. ತನ್ನ ಕಿವಿಯಲ್ಲಿ ತನ್ನದೇ ನೆತ್ತರು ಹರಿಯುವುದು ಕೇಳಿಸಿ ಮೈ ಜುಮ್ಮೆಂದಿತು. ದಿಲ್ಲೂ ದಿನವೂ ಇಂಥ ಕೋಣೆಯಲ್ಲೇ ಇದ್ದಾಳೇನು? ಒಬ್ಬಳೇ?

ಆಮೇಲೆ ಸ್ಪೀಕರಿನಿಂದ ಶುರುವಾಯಿತು. ಬಾ, ಬಾ, ಬಾ, ಬಾ. ಎಷ್ಟೋ ಹೊತ್ತಿಗೊಮ್ಮೆ ಒಂದು ದಾ. ಮತ್ತೆ ಬಾ, ಬಾ, ಬಾ. ಒಂದೇ ಸದ್ದು ಬರುತ್ತಿದ್ದರೆ ಮೆದುಳು ಅದಕ್ಕೆ ಒಗ್ಗಿಹೋಗುತ್ತದಂತೆ. ಬೇರೆಯದು ಬಂದಾಗ ಎಚ್ಚೆತ್ತುಕೊಳ್ಳುತ್ತದಂತೆ. ಎಚ್ಚೆತ್ತರೆ ಕೇಳಿಸಿತು ಎಂದರ್ಥ. ಪ್ರತಿಯೊಂದು ದಾ ಬಂದಾಗಲೂ ರಜಿಯಾ ಉಸಿರು ಹಿಡಿದು ಮಗಳ ಕುತ್ತಿಗೆಯ ಕಡೆ ನೋಡಿದಳು. ಒಂದು ಸಲವೂ ಅಲುಗಲಿಲ್ಲ. ನಲವತ್ತು ನಿಮಿಷ ಹುಡುಗಿ ಕಾರ್ಟೂನಿನ ಮೊಲವನ್ನೇ ನೋಡುತ್ತ ಕೂತಿದ್ದಳು. ಎಲ್ಲ ಮುಗಿಯಿತು ಎಂದುಕೊಂಡಳು ರಜಿಯಾ.

ಡಾಕ್ಟರ ಕೋಣೆಯಲ್ಲಿ ಗಂಡ ಹೆಂಡತಿ ಕುರ್ಚಿಯ ತುದಿಗೆ ಕೂತರು. ಮಹಾದೇವಿ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು.

"ಒಂದು ಸಲ ಕೇಳಿಸಿದ್ದು ಇದರಾಗ ಕಾಣೂದಿಲ್ಲ. ನೂರಾರು ಸಲದ್ದು ಒಂದರ ಮ್ಯಾಲೊಂದು ಇಟ್ಟಾಗ ಕಾಣತದ. ಇಲ್ಲಿ ನೋಡ್ರಿ. ಈ ಗುಡ್ಡ."

ಗುಡ್ಡ ಎನ್ನುವಷ್ಟು ಏನಿರಲಿಲ್ಲ. ಚಾದರದ ಕೆಳಗೆ ಬೆರಳಿಟ್ಟಷ್ಟು ಉಬ್ಬು.

"ತಡಾ ಮಾಡಿ ಬಂದದ, ಮೊಂಡಾಗೇದ, ಖರೆ. ಆದರ ಬಂದದ. ದಾ ಅಂದಾಗ ಇಲ್ಲೊಂದು ತಗ್ಗು. ಬ್ಯಾರೆ ಸದ್ದು ಅಂತ ಮೆದುಳಿಗೆ ಗೊತ್ತಾಗೇದ."

"ಆಕಿ ಅಳ್ಳಾಡಲಿಲ್ಲಲ್ರೀ!"

"ಮೈ ಅಳ್ಳಾಡಲಿಲ್ಲ. ಮೆದುಳು ಅಳ್ಳಾಡ್ತು."

ಜುನೇದ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. ರಜಿಯಾಳಿಗೆ ಅಳುವೂ ಬರಲಿಲ್ಲ. ಡಾಕ್ಟರು ಇನ್ನೂ ಮುಗಿಸಿರಲಿಲ್ಲ.

"ಇದು ಹೊಸಾ ವಿದ್ಯಾ. ಇದೊಂದನ್ನೇ ನಂಬಿ ನಾ ಏನೂ ಮಾಡೂದಿಲ್ಲ. ನರ ಎಷ್ಟು ದಪ್ಪ ಅದ ಅಂತ ಸ್ಕ್ಯಾನ್ ಬೇಕು. ನರ ಚೊಲೊ ಇದ್ದರ ಕಿವಿಯೊಳಗ ಯಂತ್ರ ಕೂಡಸೂ ಆಪರೇಷನ್ ಬಗ್ಗೆ ಮಾತಾಡೂಣು. ಆದರ ದಾರಿ ಯಾಕ ಕೆಟ್ಟಿತು ಅನ್ನೂದು ತಿಳೀಬೇಕು. ಹುಟ್ಟಿದಾಗ ಏನೂ ಆಗಿರಲಿಲ್ಲ ಅಂತ ಬರದೀನಿ. ಹಂಗಾದರ ವಂಶದ್ದಿರಬೇಕು. ನಿಮ್ಮ ಮೂವರದೂ ರಕ್ತ ಹೊರಗ ಕಳಸ್ತೀನಿ. ಉತ್ತರ ಬರಲಿಕ್ಕ ತಿಂಗಳಾನುಗಟ್ಟಲೆ ಆಗತದ. ಅಲ್ಲೀತನಕ ಕಾಯೂಣು."

"ಕಾಯೂದಂದರ..." ಎಂದಳು ರಜಿಯಾ. "ಆಕೀಗೆ ನುಕ್ಸಾನ್ ಏನರೆ ಆಗತದೇನ್ರೀ?"

"ಮಾತು ಕಲಿಯೂ ವಯಸ್ಸದು. ಮೆದುಳಿಗೆ ಸದ್ದು ಸರಿಯಾಗಿ ಸಿಗದಿದ್ದರ ಆ ಜಾಗಾ ಬ್ಯಾರೆ ಕೆಲಸಕ್ಕ ಹೋಗತದ. ಒಂದೊಂದು ತಿಂಗಳೂ ಮಹತ್ವದ್ದು."

ಡಾಕ್ಟರು ಪೆನ್ನು ತೆಗೆದರು. ರಜಿಯಾ ಜುನೇದನ ಕಡೆ ನೋಡಲಿಲ್ಲ. ನೋಡಿದರೆ ಬಾಯಿ ಕಟ್ಟಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೇಜಿನ ಅಂಚನ್ನು ಹಿಡಿದು, ಅಂಚಿಗೇ ಹೇಳುವವಳಂತೆ ಹೇಳಿದಳು.

"ಕಾಮಣಿ ಆಗಿತ್ತುರೀ. ನಾ ಸುಳ್ಳು ಹೇಳಿದೆ. ದವಾಖಾನಿಗೆ ಒಯ್ಯಲಿಲ್ಲ, ಬಿಸಲಿಗೆ ಹಿಡದೆ. ಕೂಸು ಮಲಗೇ ಇರತಿತ್ತು, ನಾ ಶಾಣ್ಯಾ ಕೂಸು ಅಂದೆ. ನಂದೇ ತಪ್ಪು. ಎಂಟು ದಿನ ಮನ್ಯಾಗ ಇಟ್ಕೊಂಡೆ."

ದಿಲನಾಜ ಅಪ್ಪನ ಅಂಗಿಯ ಗುಂಡಿ ತಿರುವುತ್ತಿದ್ದಳು.

"ಒಂಬತ್ತು," ಎಂದ ಜುನೇದ್. ಮನೆಯಲ್ಲಿ ಇಬ್ಬರೂ ಆಡುವ ದಖನಿ ಉರ್ದುವಿನಲ್ಲಲ್ಲ, ಡಾಕ್ಟರಿಗೂ ತಿಳಿಯಲಿ ಎಂದು ಕನ್ನಡದಲ್ಲಿ. "ಎಂಟನೇ ದಿನ ಆಕಿ ಒಯ್ಯೂಣು ಅಂದಳ್ರೀ. ನಾನೇ ನಾಳೆ ನೋಡೂಣು ಅಂದೆ. ಆರ್ಡರ್ ಮುಗಸೂದಿತ್ತು."

ರಜಿಯಾ ತಲೆಯೆತ್ತಿದಳು. ಮೂರು ವರ್ಷದಲ್ಲಿ ಅವನು ಈ ಮಾತು ಒಮ್ಮೆಯೂ ಆಡಿರಲಿಲ್ಲ. ಅವಳಿಗೇ ಆ ಒಂದು ದಿನ ಮರೆತುಹೋಗಿತ್ತು.

ಮಹಾದೇವಿ ಫಾರ್ಮನ್ನು ಹಿಂದಕ್ಕೆ ಮಗುಚಿ, 'ಇಲ್ಲ' ಎಂದು ಬರೆದಿದ್ದನ್ನು ಹೊಡೆದು, ಪಕ್ಕದಲ್ಲಿ ಒಂಬತ್ತು ದಿನ ಎಂದು ಬರೆದರು. ಬಯ್ಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಇದು ಬಹಳ ಬೇಕಾಗಿತ್ತು. ರಕ್ತದ ಉತ್ತರಕ್ಕ ಕಾಯೂದು ಬ್ಯಾಡ, ಸ್ಕ್ಯಾನ್ ಈ ವಾರದಾಗೇ ಮಾಡಸೂಣು," ಎಂದು ಅವಳ ಕಡೆ ನೋಡಿದರು. "ಈಗ ಒಂದೊಂದಾಗಿ ಹೇಳ್ರಿ. ಐದನೇ ದಿನ ಹಾಲು ಕುಡೀತಿತ್ತೇನು?"

ರಜಿಯಾ ಮೇಜಿನ ಅಂಚು ಬಿಟ್ಟು ಕುರ್ಚಿಯಲ್ಲಿ ಸರಿಯಾಗಿ ಕೂತಳು. "ಕಡಿಮಿ ಆಗಿತ್ತುರೀ," ಎಂದು ಅವಳು ಶುರು ಮಾಡಿದಳು.