ಸೇತುವೆ ಕೇಳಲು ಬಂದವರು

ಹೊರಕೋಣೆಯಲ್ಲಿ ಹಿರಿಯರು ಕಾಫಿ ಮುಟ್ಟುತ್ತಿಲ್ಲವೆಂದು ಮೈದುನ ದಹಾಮ್ ಅಡುಗೆಮನೆಗೆ ಬಂದು ಹೇಳಿದಾಗ ಸಾಹಿರಾಗೆ ಏನೂ ಅನ್ನಿಸಲಿಲ್ಲ. ಏನೋ ಬೇಡಲು ಬಂದಿದ್ದಾರೆ, ಅಷ್ಟೆ. ಬೇಡಿದ್ದು ಸಿಗುವವರೆಗೆ ಬಂದವರು ಬಟ್ಟಲು ಎತ್ತುವುದಿಲ್ಲ. ಎತ್ತದೆ ಎದ್ದುಹೋದರೆ ಆ ಮನೆಯ ಗಂಡಸು ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಈ ಮನೆಯಲ್ಲಿ ಆ ಗಂಡಸು ದಹಾಮ್.

ಏನು ಬೇಡುತ್ತಾರೆಂಬುದೂ ಗೊತ್ತಿತ್ತು. ಊರಿನ ಐಸ್ ಕಾರ್ಖಾನೆಯಲ್ಲಿ ಶಸ್ತ್ರಾಸ್ತ್ರ ಅಡಗಿಸಿಟ್ಟಿದ್ದಾರೆಂದು ಹೇಳಿ ಹೊರದೇಶದ ವಿಮಾನ ಬಾಂಬು ಹಾಕಿತ್ತು. ಅವಳ ಮಗ ರಾಫಿದ್ ಅಲ್ಲಿ ಐಸ್ ಕತ್ತರಿಸುತ್ತಿದ್ದ. ಆ ಮಧ್ಯಾಹ್ನ ಬುತ್ತಿ ಕೊಡಲು ಒಳಗೆ ಹೋಗಿದ್ದಳು. ಇದ್ದದ್ದು ಐಸಿನ ಗಡ್ಡೆಗಳು, ಗೋಣಿಚೀಲಗಳು, ನಗುತ್ತಿದ್ದ ಹುಡುಗರು. ಹೊರಬಂದು ಗಲ್ಲಿಯ ತಿರುವು ದಾಟುವಷ್ಟರಲ್ಲಿ ಕಾರ್ಖಾನೆಯೇ ಇರಲಿಲ್ಲ. ಒಳಗೆ ಏನಿತ್ತೆಂದು ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಗುರುವಾರ, ಬಾಂಬಿನ ಮೊಕದ್ದಮೆ ನಡೆಯಲಿದ್ದ ಆ ದೇಶದ ನ್ಯಾಯಾಲಯದ ವಕೀಲರು ಅವಳ ಹೇಳಿಕೆ ಪಡೆಯಲು ಬರುವವರಿದ್ದರು.

ಅದೇ ದೇಶ ಈಗ ನದಿಯ ಮುರಿದ ಸೇತುವೆ ಕಟ್ಟಿಸಿಕೊಡುತ್ತಿತ್ತು. ಮೊಕದ್ದಮೆ ನಡೆದರೆ ಕೆಲಸ ನಿಲ್ಲುತ್ತದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೂ ಊರಿಗೆ ಅರ್ಥವಾಗಿತ್ತು. ಹೋದ ಚಳಿಗಾಲದಲ್ಲಿ ದಹಾಮನ ಹೆಂಡತಿ ನದಿಯಾಚೆಯ ಆಸ್ಪತ್ರೆಗೆ ಹೋಗುತ್ತ ದೋಣಿಯಲ್ಲೇ ಹೆತ್ತಳು. ಮಗು ಉಳಿಯಲಿಲ್ಲ. ಅದನ್ನು ಕೈಯಲ್ಲಿ ಹಿಡಿದಿದ್ದವಳು ಸಾಹಿರಾ. ಆಗಲೂ ಅವಳಿಗೆ ಅಳು ಬಂದಿರಲಿಲ್ಲ.

"ಏನು ಹೇಳ್ಲಿ ಅತ್ತಿಗೆ?"

"ನಿಂಗೇನು ಬೇಕು?"

ದಹಾಮ್ ಗೋಡೆ ನೋಡಿದ. "ಸೇತುವೆ ಬೇಕು. ರಾಫಿದನೂ ಬೇಕು. ನನ್ನ ಕೇಳ್ಬೇಡಿ."

ಅವಳು ಪರದೆಯ ಹಿಂದೆ ಬಂದು ನಿಂತಳು. ಹಿರಿಯರ ಮುಂದೆ ಬಟ್ಟಲುಗಳು ತಣ್ಣಗಾಗುತ್ತಿದ್ದವು. ಜೊತೆಗೆ ಬಂದಿದ್ದ ಸೇತುವೆ ಕೆಲಸದ ವಿದೇಶಿ ಅಧಿಕಾರಿ ಮಾತ್ರ ತನ್ನ ಬಟ್ಟಲು ಬರಿದುಮಾಡಿ ಮುಂದೆ ಚಾಚಿದ್ದ. ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಮತ್ತೆ ಮತ್ತೆ ಸುರಿದರು, ಅವನು ಮತ್ತೆ ಮತ್ತೆ ಕುಡಿದ.

"ಇವನು ಬೇಡೋಕೆ ಬಂದಿಲ್ಲ, ಬಾಯಾರಿ ಬಂದಿದ್ದಾನೆ," ಎಂದ ಒಬ್ಬ ಮುದುಕ.

ಊರಿನ ಹಿರಿಯ ಶೇಖ್ ಮಿಶಾನ್ 'ಆ ವಿಷಯ', 'ಆ ವಿಷಯ' ಎಂದು ಸುತ್ತಿ ಬಳಸಿ ಮಾತಾಡುತ್ತಿದ್ದ. ಸಾಹಿರಾ ಪರದೆಯ ಹಿಂದಿನಿಂದಲೇ ತಡೆದಳು.

"ಯಾವ ವಿಷಯ ದೊಡ್ಡಪ್ಪಾ? ಹೆಸರು ಹೇಳಿ ಕೇಳಿ. ಆ ಸಾಹೇಬ್ರಿಗೂ ಕೇಳಿಸ್ಲಿ."

ಶೇಖ್ ಗಡ್ಡ ಸವರಿದ.

"ರಾಫಿದನ ತಾಯಿ, ರಾಫಿದನ ಸಾವಿನ ವಿಷಯ ಬಿಟ್ಬಿಡು ಅಂತ ಬೇಡ್ತಿದ್ದೀವಮ್ಮ."

ಅಧಿಕಾರಿಯ ಪಕ್ಕದಲ್ಲಿದ್ದ ದುಭಾಷಿ ಅದನ್ನು ಅವನ ಭಾಷೆಗೆ ತಿರುಗಿಸಿ ಹೇಳಿದ. ಅಧಿಕಾರಿ ತಗ್ಗಿದ ದನಿಯಲ್ಲಿ ಏನೋ ಅಂದ. ದುಭಾಷಿ ಪರದೆಯತ್ತ ನೋಡಿದ.

"ಏನಂದ್ರು?" ಸಾಹಿರಾ ಕೇಳಿದಳು.

"ರಾಫಿದ್ ಅಂದ್ರೆ ಯಾರು ಅಂತ ಕೇಳ್ತಿದ್ದಾರೆ."

ಪರದೆಯ ಸಂದಿಯಿಂದ ಅವನ ಮುಖ ಕಾಣುತ್ತಿತ್ತು. ಕೆಟ್ಟವನ ಮುಖವಲ್ಲ. ನಿಜಕ್ಕೂ ಗೊತ್ತಿಲ್ಲದವನ ಮುಖ. ತನ್ನೊಳಗೆ ಸಿಟ್ಟು ಏಳಬಹುದೆಂದು ಅವಳು ಒಂದು ಗಳಿಗೆ ಕಾದಳು. ಏಳಲಿಲ್ಲ.

"ಯಾರು ಅಂತ ಗುರುವಾರ ಹೇಳ್ತೀನಿ. ಬಂದು ಕೇಳಿಸ್ಕೊಳ್ಳೋಕೆ ಹೇಳಿ."

ಹಿರಿಯರು ಕಾಫಿ ಬಿಟ್ಟು ಎದ್ದರು. ಶೇಖ್ ಬಾಗಿಲಲ್ಲಿ ನಿಂತ.

"ಸೇತುವೆ ಕೆಲಸ ನಿಂತ್ರೆ ಹೆಂಗಸರು ನಿನ್ನನ್ನ ಬಯ್ಕೊಂಡೇ ದೋಣಿ ಹತ್ತುತ್ತಾರೆ."

"ಹತ್ಲಿ ದೊಡ್ಡಪ್ಪಾ. ನಾನೂ ಅದೇ ದೋಣಿ ಹತ್ತೋಳು."

ದಹಾಮ್ ಅವರನ್ನು ಕಳಿಸಲು ಹೋದವನು ಹಿಂತಿರುಗಲಿಲ್ಲ. ಅಂಗಳದಲ್ಲಿ ಅವನ ಹೆಂಡತಿ ಒಗೆದ ಹೊದಿಕೆಯನ್ನು ಒಬ್ಬಳೇ ಹಿಂಡಲು ಒದ್ದಾಡುತ್ತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿರಬೇಕು. ಸಾಹಿರಾ ಹೋಗಿ ಇನ್ನೊಂದು ತುದಿ ಹಿಡಿದಳು. ಓರಗಿತ್ತಿ ತಲೆಯೆತ್ತಿ ನೋಡಲಿಲ್ಲ, ಹೊದಿಕೆಯನ್ನು ಕಿತ್ತುಕೊಳ್ಳಲೂ ಇಲ್ಲ. ಇಬ್ಬರೂ ಎದುರುಬದುರು ನಿಂತು ತಿರುಚುತ್ತ ಹೋದರು. ನೀರು ಕಾಲ ಮೇಲೆ ಸುರಿಯಿತು.