ಏಳನೇ ಪಾತಿಯ ಹಸಿರು

ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಹಿಂದೆ ಬೀಜದ ಕಂಪನಿಯೊಂದು ಹನ್ನೆರಡು ಪಾತಿಗಳಲ್ಲಿ ಹನ್ನೆರಡು ಜಾತಿಯ ಮೇವಿನ ಹುಲ್ಲು ನೆಟ್ಟು, ಮಳೆ ತಾಗದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿ, ಯಾವುದು ಬರ ತಾಳೀತು ಎಂದು ನೂರು ದಿನ ನೀರಿಲ್ಲದೆ ಒಣಗಿಸಿತ್ತು. ಹನ್ನೊಂದು ಕಂಪನಿಯವು. ಒಂದು ಮಾತ್ರ, ಅಲ್ಲೇ ಕಳೆ ಕೀಳುವ ಕೆಲಸದ ಈಶ್ವರಮ್ಮ ಊರ ಗೋಮಾಳ ಲೇಔಟ್ ಆಗುವ ಮುಂಚೆ ಬೇರುಸಮೇತ ತಂದು ಹಿತ್ತಿಲಲ್ಲಿ ಉಳಿಸಿಕೊಂಡಿದ್ದು. ಗೆದ್ದರೆ ಅದರ ಬೀಜ ನಾಡಿಗೆಲ್ಲ ಹೋಗುತ್ತಿತ್ತು, ಸೋತರೆ ತಿಪ್ಪೆಗೆ.

“ನಿಂದು ಸತ್ತೋಯ್ತಲ್ಲಕ್ಕಾ!” ಮೇಸ್ತ್ರಿ ರುದ್ರೇಶ್ ಒಣ ಬುಡವನ್ನು ಬೂಟಿನಿಂದ ಒದ್ದ. “ಕಂಪನಿದು ನೋಡು, ಏಳನೇ ಪಾತಿ, ಮದುವಣಗಿತ್ತಿ ಇದ್ದಂಗದೆ. ನಿಂದನ್ನ ನಾಳೆ ಕಿತ್ತಾಕ್ತೀನಿ.”

ಈಶ್ವರಮ್ಮನ ಒಡಲೆಲ್ಲ ಕೆಂಡವಾಯಿತು.

“ಕಾಲು ತೆಗಿಯೋ! ಉಲ್ಲಿನ ಜೀವ ಬೇರಲ್ಲಿರ್ತದೆ, ಗರೀಲಲ್ಲ. ಮತ್ತೆ ನೀರು ಕೊಟ್ಟು ಹದಿನೈದು ದಿನ ಆದ್ಮೇಲೆ ಚಿಗುರು ಎಣಿಸ್ತೀವಿ ಅಂತ ಮೇಡಮ್ಮೇ ಅಂದಿಲ್ವಾ? ಏಳನೇದಕ್ಕೆ ಕದ್ದು ನೀರು ಬಿಟ್ಟೋನು ನೀನೇ ತಾನೆ?”

“ದೇವ್ರಾಣೆ ಇಲ್ಲ ಕಣಕ್ಕಾ!”

ಅವಳು ಮಂಡಿಯೂರಿ ಏಳನೇ ಪಾತಿ ಕೆದಕಿದಳು. ಮೇಲೆ ಒಣಮಣ್ಣು, ಬೆರಳಿಳಿದಂತೆ ತಂಪು. ತೇವದ ಜಾಡು ಹಿಡಿದು ಕೆದಕುತ್ತ ಹೋದಳು. ಅದು ಬೇಲಿ ದಾಟಿ, ಬೇವಿನ ಬುಡದ ಮುನೇಶ್ವರನ ಕಲ್ಲಿನ ಹತ್ತಿರ ನಿಂತಿತು.

ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ಎರಡು ಕೊಡ ಸುರಿಯುತ್ತಿದ್ದವಳು ಅವಳೇ. ಒಂದು ದಿನವೂ ಅದನ್ನು ನೀರು ಎಂದುಕೊಂಡಿರಲಿಲ್ಲ. ಅದು ಅಭಿಷೇಕ.

ರುದ್ರೇಶ್ ಹೊಟ್ಟೆ ಹಿಡಿದು ನಕ್ಕ. “ನಿನ್ನ ತೀರ್ಥ ಕುಡ್ದೇ ಏಳನೇದು ಕೊಬ್ಬಿರೋದು! ಮೇಡಂಗೆ ಹೇಳ್ಬೇಡಕ್ಕಾ, ಮೊದ್ಲು ನಿನ್ನೇ ಆಚೆ ಕಳಿಸ್ತಾರೆ.”

ಅವಳು ನೇರ ಹೋಗಿ ಹೇಳಿದಳು. ಪರೀಕ್ಷೆ ನಡೆಸುವ ನಿವೇದಿತಾ ಕೈಲಿದ್ದ ಪೆನ್ನನ್ನು ಮೇಜಿಗೆ ಕುಕ್ಕಿದಳು. “ನೂರು ದಿನದ ಕೆಲಸ ಹಾಳು ಮಾಡಿದ್ರಲ್ಲಮ್ಮಾ! ಎಲ್ಲಕ್ಕೂ ನೀರು ಕೊಟ್ಟು ಚಿಗುರಿಸಿ, ಮತ್ತೆ ಮೊದಲಿಂದ ಒಣಗಿಸ್ಬೇಕು.”

“ಒಣಗ್ಸಿ ಮೇಡಂ. ಬಯ್ರಿ, ತಪ್ಪು ನಂದೇ. ನನ್ನುಲ್ಲು ಸತ್ತದೆ ಅಂತ ಮಾತ್ರ ಬರೀಬೇಡಿ.”

“ಬರೆಯಲ್ಲ. ಆದ್ರೆ ಈ ಸಲ ಒಂದು ತೊಟ್ಟು ಬೀಳಬಾರದು.”

ನೀರು ಬಿಟ್ಟಾಗ ಅವಳ ಹುಲ್ಲೂ ಬುಡದಿಂದ ಚಿಗುರಿತು. ಮತ್ತೆ ಒಣಗಿಸಲು ಶುರುಮಾಡಿದ ದಿನ ಈಶ್ವರಮ್ಮ ಬರಿಗೈಲಿ ಕಲ್ಲಿನ ಮುಂದೆ ನಿಂತಳು.

“ಎಲ್ಲ ನೋಡ್ಕಂಡು ಸುಮ್ಕೆ ಕೂತಿದ್ದೆ ಅಲ್ವಾ? ನನ್ನ ಕೈಲೇ ನನ್ನುಲ್ಲಿಗೆ ಮೋಸ ಮಾಡಿಸ್ದೆ. ಇನ್ನು ನೂರು ದಿನ ನಿಂಗೂ ನೀರಿಲ್ಲ, ತಕ್ಕೋ. ಬಾಯಾರಿಕೆ ಅಂದ್ರೇನು ಅಂತ ನೀನೂ ನೋಡು.”

ಕೈ ಮುಗಿದಳು. ಕಣ್ಣು ಮಾತ್ರ ತಗ್ಗಿಸಲಿಲ್ಲ.