ಈರಸಂಗಪ್ಪನ ತೊಡೆಗೆ ದೊಡ್ಡದಾದ ಅಕಾರ್ಡಿಯನ್

ನಾನು ಒಂದು ಅಕಾರ್ಡಿಯನ್. ಸಣ್ಣಪುಟ್ಟದ್ದಲ್ಲ, ನೂರಿಪ್ಪತ್ತು ಗುಂಡಿಗಳದ್ದು. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಮರ, ತಗಡು, ಮಡಿಕೆಯ ರಟ್ಟು ಸೇರಿಸಿ ನನ್ನನ್ನು ಮಾಡಿದರು. ಬರುವಾಗ ನಾನು ಒಮ್ಮೆ ಆಕಳಿಸಿದ್ದಕ್ಕೇ ಹಡಗು ದಾರಿ ತಪ್ಪಿತ್ತು. ನೀವು ನಂಬಬೇಕು.

ಗದಗಿನ ಬ್ಯಾಂಡ್ ಮೇಳದ ದಾವಲಸಾಬರು ನನ್ನ ಮೊದಲ ಒಡೆಯರು. ಬಾಗಿಲಿನಷ್ಟು ಅಗಲದ ಎದೆ ಅವರದು. ಮದುವೆ ಮೆರವಣಿಗೆಯಲ್ಲಿ ನನ್ನ ಒಂದು ಉಸಿರಿಗೆ ಹತ್ತು ಪೆಟ್ರೋಮ್ಯಾಕ್ಸ್ ಆರುತ್ತಿದ್ದವು. ಒಮ್ಮೆ ನನ್ನ ಹಾಡಿಗೆ ಕುಣಿದ ಕುದುರೆ ಮದುಮಗನನ್ನು ಪಕ್ಕದ ಓಣಿಯ ಮದುವೆಯಲ್ಲಿ ಇಳಿಸಿ ಬಂತು. ಅಲ್ಲಿಯೂ ಊಟ ಚೆನ್ನಾಗಿತ್ತಂತೆ.

ವಯಸ್ಸಾಗಿ ಅವರ ಹೆಗಲು ವಾಲಿತು. ವಾದ್ಯದ ಅಂಗಡಿ ಹಾಕಿದರು. ನಾನು ಕಪಾಟು ಸೇರಿದೆ.

ಒಂದು ದಿನ ಈರಸಂಗಪ್ಪ ಬಂದರು. ಹತ್ತಿ ಗಿರಣಿಯ ಕೆಲಸ ಬಿಟ್ಟ ಬಡಕಲು ಮುದುಕ. ಹೆಂಡತಿ ಬಾಳವ್ವನಿಗೆ ಎದೆಯ ರೋಗ, ಡಾಕ್ಟರು ಕೈಚೆಲ್ಲಿದ್ದರು. ತನ್ನ ಮದುವೆಯಲ್ಲಿ ಕೇಳಿದ ಹಾಡನ್ನು ಗಂಡನ ಕೈಯಿಂದ ಒಮ್ಮೆ ಕೇಳಬೇಕೆಂಬುದು ಅವಳ ಆಸೆ.

ದಾವಲಸಾಬರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನನ್ನು ತೊಡೆಯ ಮೇಲಿಟ್ಟರು.

"ಗದ್ದಕ್ಕ ಬಡೀತು ನೋಡ್ರಿ. ಅಳತಿ ದೊಡ್ಡದಾತು. ಆ ನಲವತ್ತೆಂಟು ಗುಂಡೀದು ತಗೋರಿ, ಕೂಸಿನಂಗ ಕುಂದರತೈತಿ."

"ಅಂಗಿ ಹೊಲಸೂ ಮುಂದ ಒಂದೀಟು ದೊಡ್ಡದ ಹೊಲಸ್ತೀವಲ್ರಿ. ಬರಬರತಾ ಮೈಗೆ ಹೊಂದತೈತಿ."

"ಅದು ಬೆಳಿಯೂ ಹುಡುಗರಿಗ್ರಿ ಯಜಮಾನ್ರ. ನಾವು ಕುಗ್ಗೂ ಮಂದಿ."

"ನಮ್ಮ ಮದವ್ಯಾಗ ನೀವು ಬಾರಿಸಿದ್ದು ಇದನ್ನ. ಇದನ್ನ ಕೊಡ್ರಿ."

ಮನೆಯಲ್ಲಿ ನನ್ನ ಪಟ್ಟಿ ಅವರ ಹೆಗಲನ್ನು ಕಚ್ಚಿತು. ಗಾಳಿ ತುಂಬುವ ನನ್ನ ತಿದಿಯನ್ನು ಎಳೆಯಲು ಎಡಗೈಯ ಬಲ ಸಾಲುತ್ತಿರಲಿಲ್ಲ. ಅರ್ಧ ಸಾಲಿಗೇ ಏದುಸಿರು.

"ಅದ ನಿಮ್ಮನ್ನ ಬಾರಸಾಕತ್ತೈತ್ರಿ," ಎಂದು ಬಾಳವ್ವ ಮಂಚದಿಂದ ನಕ್ಕಳು. ನಗುವಿನ ಹಿಂದೆಯೇ ಕೆಮ್ಮು. "ಸಣ್ಣದು ತರ್ರಿ. ನಗಾಕ ಇಲ್ಲಿ ನಾ ಒಬ್ಬಾಕೀನ ಅದೇನಿ."

"ಇನ್ನೊಂದು ವಾರ ತಡಿ. ಕೈ ಪಳಗತೈತಿ."

ಕೈ ಪಳಗಲಿಲ್ಲ, ಹೆಗಲು ಹಿಡಿಯಿತು. ಹೆಗಲು ಬಿಡುವವರೆಗೆ ನಾನು ಮೂಲೆಯಲ್ಲಿದ್ದೆ. ಅಷ್ಟರಲ್ಲಿ ಬಾಳವ್ವನ ಮಾತು ಕ್ಷೀಣಿಸಿತು. ಕೊನೆಗೆ ಈರಸಂಗಪ್ಪ ನನ್ನನ್ನು ಆಟೋದಲ್ಲಿ ತಂದು ಅಂಗಡಿಗೆ ಮರಳಿಸಿ, ಸಣ್ಣದನ್ನು ಎದೆಗವುಚಿಕೊಂಡು ಓಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅದನ್ನೂ ತಿರುಗಿ ತಂದರು. ತಲೆ ಬೋಳಿಸಿದ್ದರು.

ದಾವಲಸಾಬರು ಅದನ್ನು ನನ್ನ ಪಕ್ಕ ಕಪಾಟಿನಲ್ಲಿಟ್ಟು ಕೇಳಿದರು: "ಹಾಡು ಬಂತನ್ರಿ?"

"ಬಂತ್ರಿ. ಸಣ್ಣದರಾಗ ಲಗೂನ ಬಂತು."

"ಅವರು ಕೇಳಿದ್ರ?"

"ಮೊದಲನೇ ಸಾಲು ಕೇಳಿದ್ಲು. ಎರಡನೇದಕ್ಕ ಕಣ್ಣ ಮುಚ್ಚಿದ್ಲು. ಕೇಳಾಕತ್ತಾಳಂತ ನಾ ಪೂರಾ ಬಾರಿಸಿದೆ."

ಈಗ ನನ್ನ ತಿದಿ ಹರಿದಿದೆ, ಒಳಗೆ ಇಲಿ ಮರಿ ಹಾಕಿದೆ. ನನ್ನ ಭಾರವನ್ನು ಈರಸಂಗಪ್ಪ ಒಮ್ಮೆಯೂ ದೂರಲಿಲ್ಲ. ಆದರೆ ಆ ಮನೆಯಲ್ಲಿ ನಾನು ಸುಮ್ಮನೆ ಕುಳಿತು ಕಳೆದ ದಿನಗಳು ಬಾಳವ್ವನವು.